ನಾಲ್ಕು ಕಾಲಿನ ದಾಯಾದಿಗಳು

ತೆಂಗಿನ ತೋಟದಲ್ಲಿ ಉದುರಿ ಬಿದ್ದ ಎಳೆಗಾಯಿಯೊಂದನ್ನು ಎತ್ತಿಕೊಳ್ಳಿ. ಅದರ ತೊಟ್ಟಿನ ಬುಡದಲ್ಲಿ ಒಂದರ ಮೇಲೊಂದು ಹೊದ್ದುಕೊಂಡ ಆರು ದಳಗಳಿರುತ್ತವೆ. ಒಂದನ್ನು ಉಗುರಿನಿಂದ ಎಬ್ಬಿಸಿ ಕಿತ್ತರೆ ಬಿಸಿಲನ್ನೇ ಕಾಣದ ಕಾಯಿಯ ಬಿಳಿ ಮೈ ಕಾಣುತ್ತದೆ. ನುಸಿ ತಗುಲಿದ ಕಾಯಾಗಿದ್ದರೆ ಆ ಬಿಳುಪಿನ ಮೇಲೆ ತಿಳಿಹಳದಿ ಮಚ್ಚೆಯೊಂದು ಮೂಡಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯನ್ನು ಅಲ್ಲಿಗೆ ಹಿಡಿದು ಸ್ವಲ್ಪ ಹೊತ್ತು ಕೈ ಅಲುಗಿಸದೆ ನೋಡಬೇಕು. ಮಚ್ಚೆಯ ಅಂಚಿನಲ್ಲಿ ಬೆಳ್ಳನೆಯ ಪುಡಿ ಇದ್ದ ಹಾಗಿರುತ್ತದೆ; ಆ ಪುಡಿ ಮೆಲ್ಲಗೆ ಸರಿದಾಡುತ್ತಿರುತ್ತದೆ.

ಅದೇ ತೆಂಗಿನ ನುಸಿ. ಮೈಯುದ್ದ ಒಂದು ಮಿಲಿಮೀಟರಿನ ಕಾಲು ಭಾಗವನ್ನು ದಾಟುವುದಿಲ್ಲ, ಅಗಲ ಅದಕ್ಕೂ ಎಷ್ಟೋ ಕಡಿಮೆ. ಒಂದು ಸಾಸಿವೆ ಕಾಳಿನ ಅಗಲಕ್ಕೆ ಇಂಥ ಎಂಟೊಂಬತ್ತು ನುಸಿಗಳು ಉದ್ದುದ್ದ ಮಲಗಬಹುದು. ಬರಿಗಣ್ಣಿಗೆ ಇದು ಕಾಣುವುದಿಲ್ಲ, ಕಾಣುವುದು ಅದು ಮಾಡಿದ ಹಾನಿ ಮಾತ್ರ. ತಿಪಟೂರು, ಅರಸೀಕೆರೆ ಕಡೆಯ ಬೆಳೆಗಾರರಿಗೆ ಆ ಹಾನಿಯ ಪರಿಚಯ ಮಾಡಿಕೊಡಬೇಕಾಗಿಲ್ಲ.

ನುಸಿಗಳು ಕೀಟಗಳಲ್ಲ. ಜೇಡ, ಚೇಳು, ಉಣ್ಣೆಗಳ ಬಳಗಕ್ಕೆ ಸೇರಿದವು. ಆ ಬಳಗದಲ್ಲಿ ಬೆಳೆದ ಜೀವಿಗೆ ಎಂಟು ಕಾಲಿರುವುದು ವಾಡಿಕೆ. ಹುರುಳಿಕಾಯಿ, ಬದನೆ, ಗುಲಾಬಿ ಗಿಡಗಳ ಎಲೆಯಡಿ ಬಲೆ ನೇಯುವ ಕೆಂಪು ಜೇಡನುಸಿಗೂ ಎಂಟು ಕಾಲುಗಳೇ. ಆದರೆ ತೆಂಗಿನ ನುಸಿ ಸೇರಿದ ಮನೆತನದಲ್ಲಿ ಮಾತ್ರ ಕಾಲು ನಾಲ್ಕೇ, ಅವೂ ತಲೆಯ ಹತ್ತಿರ. ಹಿಂದಿನ ಮೈಯೆಲ್ಲ ಸಣ್ಣ ಸಣ್ಣ ಉಂಗುರಗಳುಳ್ಳ ಉದ್ದನೆಯ ಹುಳುವಿನಂಥ ದೇಹ. ಕಣ್ಣಿಲ್ಲ. ಉಸಿರಾಟಕ್ಕೆ ಪ್ರತ್ಯೇಕ ಅಂಗವಿಲ್ಲ. ಅಷ್ಟು ಸಣ್ಣ ದೇಹಕ್ಕೆ ಚರ್ಮದ ಮೂಲಕ ಬರುವ ಗಾಳಿಯೇ ಸಾಕು. ಇಷ್ಟೆಲ್ಲ ಅಂಗಗಳನ್ನು ಬಿಟ್ಟುಕೊಟ್ಟ ಈ ಜೀವಿ ದುರ್ಬಲವಾದದ್ದೆಂದು ಭಾವಿಸಿದರೆ ತಪ್ಪಾಗುತ್ತದೆ. ಇಟಲಿಯ ಡಾಲೊಮೈಟ್ ಪರ್ವತಗಳಲ್ಲಿ ಸಿಕ್ಕ, ಸುಮಾರು 23 ಕೋಟಿ ವರ್ಷ ಹಳೆಯ ಮರದಂಟಿನ ಹನಿಗಳೊಳಗೆ ಈ ನಾಲ್ಕು ಕಾಲಿನ ನುಸಿಗಳ ಪೂರ್ವಜರು ಅಚ್ಚಳಿಯದೆ ಉಳಿದಿರುವುದನ್ನು ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಆಗಿನ್ನೂ ಭೂಮಿಯ ಮೇಲೆ ಹೂ ಬಿಡುವ ಗಿಡಗಳೇ ಹರಡಿರಲಿಲ್ಲ. ಸೂಚಿಪರ್ಣ ಮರಗಳ ರಸ ಹೀರಿ ಬದುಕುತ್ತಿದ್ದ ವಂಶ ಮುಂದೆ ಹೂಗಿಡಗಳಿಗೂ ದಾಟಿ, ಇಂದು ತೆಂಗು, ತೊಗರಿ, ಮಲ್ಲಿಗೆಗಳವರೆಗೆ ಬಂದು ನಿಂತಿದೆ.

ಈ ಮೂರನ್ನೂ ಒಟ್ಟಿಗೆ ಹೇಳಲು ಕಾರಣವಿದೆ. ತೆಂಗಿನ ಕಾಯಿಯನ್ನು ಒರಟು ಮಾಡುವ ನುಸಿ, ತೊಗರಿಗೆ ಗೊಡ್ಡು ರೋಗ ಹಚ್ಚುವ ನುಸಿ, ಮಲ್ಲಿಗೆಯ ಎಲೆಮೊಗ್ಗುಗಳ ಮೇಲೆ ಬಿಳಿ ತುಪ್ಪಳ ಎಬ್ಬಿಸುವ ನುಸಿ, ಇವು ಮೂರೂ ‘ಅಸೇರಿಯಾ’ ಎಂಬ ಒಂದೇ ಕುಲದವು. ಸೂಕ್ಷ್ಮದರ್ಶಕದಡಿ ಇಟ್ಟರೆ ಪಳಗಿದ ಕಣ್ಣಿಗಷ್ಟೇ ಬೇರೆ ಬೇರೆಯಾಗಿ ತೋರುವಷ್ಟು ಹೋಲಿಕೆ. ಮೈಕಟ್ಟು ಒಂದೇ, ಸಂತಾನದ ರೀತಿ ಒಂದೇ, ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವ ದಾರಿಯೂ ಒಂದೇ. ಆದರೂ ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ಹತ್ತುವುದಿಲ್ಲ, ಏಕೆಂದರೆ ಪ್ರತಿಯೊಂದೂ ತನ್ನ ಗಿಡದಲ್ಲಿ ಆರಿಸಿಕೊಂಡ ಮನೆ ಬೇರೆ. ಔಷಧದ ಅಂಗಡಿಯಲ್ಲಿ ಮಾತ್ರ ಎಲ್ಲಕ್ಕೂ ‘ನುಸಿ’ ಎಂಬ ಒಂದೇ ಹೆಸರು, ಎಲ್ಲಕ್ಕೂ ಒಂದೇ ಬಾಟಲಿ. ನಮ್ಮ ರೈತರ ದುಡ್ಡು ಎಷ್ಟೋ ವರ್ಷಗಳಿಂದ ಸೋರಿಹೋಗುತ್ತಿರುವುದು ಇಲ್ಲೇ.

ಮೊದಲು ಸಂತಾನದ ವಿಷಯ. ಈ ನುಸಿಗಳಲ್ಲಿ ಗಂಡು ಹೆಣ್ಣು ಕೂಡುವುದೇ ಇಲ್ಲ. ಗಂಡು ತಾನು ಓಡಾಡುವ ಜಾಗದಲ್ಲಿ ಪುಟ್ಟ ಕಾಂಡದ ಮೇಲೆ ನಿಂತ ವೀರ್ಯದ ಚೀಲಗಳನ್ನು ಅಲ್ಲಲ್ಲಿ ನೆಟ್ಟು ಹೋಗುತ್ತದೆ. ಆ ದಾರಿಯಲ್ಲಿ ಬಂದ ಹೆಣ್ಣು ಆ ವೀರ್ಯವನ್ನು ತನ್ನೊಳಕ್ಕೆ ತೆಗೆದುಕೊಳ್ಳುತ್ತದೆ. ವೀರ್ಯ ಸೇರಿದ ಮೊಟ್ಟೆಯಿಂದ ಹೆಣ್ಣು ಹುಟ್ಟುತ್ತದೆ, ಸೇರದ ಮೊಟ್ಟೆಯಿಂದ ಗಂಡು. ಹಾಗಾಗಿ ಗಾಳಿಯಲ್ಲಿ ತೇಲಿ ಬಂದ ಒಂಟಿ ಹೆಣ್ಣೊಂದು ಹೊಸ ಕಾಯಿಯ ಮೇಲಿಳಿದರೂ ವಂಶ ನಿಲ್ಲುವುದಿಲ್ಲ. ಅದು ಮೊದಲು ಗಂಡುಗಳನ್ನು ಹೆರುತ್ತದೆ, ಆ ಗಂಡುಗಳು ಬಿಟ್ಟ ಚೀಲಗಳಿಂದಲೇ ಮುಂದೆ ಹೆಣ್ಣುಗಳನ್ನು ಹೆರುತ್ತದೆ. ಮೊಟ್ಟೆ, ಎರಡು ಹಂತದ ಮರಿ, ಮರಿಯಿಂದ ಮರಿಗೆ ಪೊರೆ ಬಿಡುವಾಗ ಅಲುಗಾಡದ ಸ್ವಲ್ಪ ಹೊತ್ತು, ಆಮೇಲೆ ಪ್ರೌಢ ನುಸಿ: ತೆಂಗಿನ ನುಸಿಯಲ್ಲಿ ಇಷ್ಟೂ ಮುಗಿಯಲು ಬೇಕಾದದ್ದು ಒಂದು ವಾರದಿಂದ ಹತ್ತು ದಿನ. ಒಂದು ಕಾಯಿಯ ತೊಟ್ಟಿನಡಿ ಸಾವಿರಾರು ನುಸಿಗಳು ತುಂಬಿಕೊಳ್ಳಲು ಎರಡು ಮೂರು ತಿಂಗಳು ಸಾಕು.

ಸಂಚಾರಕ್ಕೆ ಗಾಳಿಯೇ ಗತಿ. ರೆಕ್ಕೆಯಿಲ್ಲ, ನಾಲ್ಕು ಕಾಲಿನಲ್ಲಿ ನಡೆದರೆ ಎಷ್ಟು ದೂರ ಹೋದೀತು? ಜಾಗ ಸಾಲದಾದಾಗ ನುಸಿಗಳು ಹೊರಬಂದು, ಬಾಲದ ತುದಿಯ ಹಿಡಿಕೆಯ ಮೇಲೆ ನೆಟ್ಟಗೆ ಎದ್ದು ನಿಂತು ಗಾಳಿಗೆ ಮೈಯೊಡ್ಡುತ್ತವೆ. ಎಲ್ಲಿ ಬಿದ್ದೇವೆಂಬುದು ಅವುಗಳ ಕೈಯಲ್ಲಿಲ್ಲ. ಹಾರಿದವುಗಳಲ್ಲಿ ಬಹುಪಾಲು ಕಲ್ಲಿನ ಮೇಲೋ, ಕಳೆಯ ಮೇಲೋ, ಬೇರೆ ಬೆಳೆಯ ಮೇಲೋ ಬಿದ್ದು ಸಾಯುತ್ತವೆ. ಅಸೇರಿಯಾಗಳು ಊಟದ ವಿಷಯದಲ್ಲಿ ಬಹಳ ಮಡಿವಂತರು. ತೆಂಗಿನದು ತೊಗರಿಯ ಮೇಲೆ ಬದುಕದು, ತೊಗರಿಯದು ಮಲ್ಲಿಗೆಯ ಮೇಲೆ ಬದುಕದು. ಈ ಅಪಾರ ನಷ್ಟವನ್ನು ತುಂಬಿಕೊಳ್ಳುವುದು ಹತ್ತು ದಿನಕ್ಕೊಂದು ತಲೆಮಾರಿನ ವೇಗದಿಂದ.

ಇನ್ನು ತೆಂಗಿನ ಮನೆಗೆ ಬರೋಣ. ಹೊಂಬಾಳೆ ಬಿರಿದು ಹೆಣ್ಣು ಹೂ ಕಾಯಿ ಕಚ್ಚಿದ ಹೊಸದರಲ್ಲಿ ತೊಟ್ಟಿನ ದಳಗಳು ಹರಳಿನ, ಎಂದರೆ ಎಳೆಮಿಡಿಯ, ಮೈಗೆ ಎಷ್ಟು ಬಿಗಿಯಾಗಿ ಅಂಟಿರುತ್ತವೆಂದರೆ ನುಸಿಗೂ ನುಸುಳಲು ಸಂದಿಲ್ಲ. ಸುಮಾರು ಒಂದು ತಿಂಗಳಾಗುವಾಗ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನುಸಿ ಒಳಹೋಗುವುದು ಆಗಲೇ. ಅದನ್ನು ತಿನ್ನುವ ಶತ್ರುಗಳಿಗೆ ಆ ಬಿರುಕು ಇನ್ನೂ ಸಾಲದು, ಆದ್ದರಿಂದ ಮೊದಲ ಕೆಲವು ವಾರ ನುಸಿಗೆ ಒಳಗೆ ಯಾರ ಭಯವೂ ಇಲ್ಲ. ಕಾಯಿ ಹಿಗ್ಗುವುದು ದಳದಡಿಯ ಆ ಎಳೆಯ ಮೈಯಿಂದಲೇ. ನುಸಿ ಚುಚ್ಚಿ ರಸ ಹೀರುವುದೂ ಅಲ್ಲೇ. ಗಾಯಗೊಂಡ ಭಾಗ ಕಾಯಿ ಬೆಳೆದಂತೆ ಹೊರಗೆ ತಳ್ಳಲ್ಪಟ್ಟು ದಳದ ಕೆಳಗಿನಿಂದ ಇಣುಕುತ್ತದೆ. ಮೊದಲು ತ್ರಿಕೋನಾಕಾರದ ಮಾಸಲು ಹಳದಿ ಗುರುತು, ಬರಬರುತ್ತಾ ಕಂದು, ಆಮೇಲೆ ಒಡಕು, ಒರಟು, ಕೆಲವೊಮ್ಮೆ ಅಂಟು. ಕಾಯಿ ಒಂದು ಕಡೆ ಸೊಟ್ಟಗಾಗುತ್ತದೆ, ಗಾತ್ರ ಕುಗ್ಗುತ್ತದೆ. ಮಟ್ಟೆ ಗಟ್ಟಿಯಾಗಿ ಸುಲಿಯುವವರ ಕೈ ಸೋಲುತ್ತದೆ, ನಾರು ತುಂಡಾಗಿ ಬೆಲೆ ಕಳೆದುಕೊಳ್ಳುತ್ತದೆ. ಕೊಬ್ಬರಿಯ ತೂಕದಲ್ಲಿ ಶೇ 10ರಿಂದ 30ರವರೆಗೆ ನಷ್ಟವಾಗುವುದನ್ನು ಹಲವು ದೇಶಗಳಲ್ಲಿ ಅಳೆದಿದ್ದಾರೆ.

ತೆಂಗು ಎಂಬ ಮರದ ಸ್ವಭಾವವೇ ನುಸಿಗೆ ವರವಾಗಿದೆ. ಮಾವಿಗೆ, ಹುಣಸೆಗೆ ಕಾಯಿ ಬಿಡಲು ಕಾಲವುಂಟು. ತೆಂಗು ಹಾಗಲ್ಲ, ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ. ಒಂದೇ ಮರದಲ್ಲಿ ಒಂದು ತಿಂಗಳ ಹರಳೂ, ಮೂರು ತಿಂಗಳ ಕಾಯಿಯೂ, ಆರು ತಿಂಗಳ ಎಳನೀರೂ, ವರ್ಷದ ಬಲಿತ ಕಾಯಿಯೂ ಒಟ್ಟಿಗೆ ಇರುತ್ತವೆ. ಮೂರರಿಂದ ಆರು ತಿಂಗಳ ಕಾಯಿಯಲ್ಲಿ ನುಸಿ ತುಂಬಿ ತುಳುಕಿ, ಆ ಕಾಯಿ ಬಲಿತು ಗಟ್ಟಿಯಾಗುವ ಹೊತ್ತಿಗೆ ಮೇಲಿನ ಗೊನೆಯಲ್ಲಿ ಹೊಸ ಹರಳುಗಳ ಬಾಗಿಲು ತೆರೆಯುತ್ತದೆ. ನುಸಿಗೆ ವರ್ಷದಲ್ಲಿ ಒಂದು ದಿನವೂ ಉಪವಾಸವಿಲ್ಲ. ಮರಕ್ಕೆ ಒಮ್ಮೆ ಔಷಧ ಹೊಡೆದು ‘ನುಸಿ ಹೋಯಿತು’ ಎಂದುಕೊಳ್ಳುವುದು ಯಾಕೆ ಸುಳ್ಳಾಗುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ: ಹೊಡೆದ ಔಷಧ ದಳದ ಹೊರಗೇ ಉಳಿಯುತ್ತದೆ, ಮುಂದಿನ ತಿಂಗಳ ಹರಳು ಆ ಹೊತ್ತಿಗೆ ಹುಟ್ಟಿಯೇ ಇರುವುದಿಲ್ಲ.

ಈ ನುಸಿ ನಮ್ಮದಲ್ಲ ಎಂಬುದನ್ನೂ ಹೇಳಬೇಕು. ಮೆಕ್ಸಿಕೊದ ಗೆರೆರೊ ಪ್ರಾಂತ್ಯದಿಂದ ಬಂದ ಮಾದರಿಗಳನ್ನು ನೋಡಿ ಅಮೆರಿಕದ ನುಸಿತಜ್ಞ ಕೀಫರ್ 1965ರಲ್ಲಿ ಇದನ್ನು ವರ್ಣಿಸಿದರು. ಪ್ರಾಂತ್ಯದ ಹೆಸರೇ ನುಸಿಗೂ ಬಂತು. ಆ ಹೊತ್ತಿಗೇ ಬ್ರೆಜಿಲ್‌ನಲ್ಲೂ, ಆಮೇಲೆ ಪಶ್ಚಿಮ ಆಫ್ರಿಕದಲ್ಲೂ ಕಂಡಿತು. ಭಾರತದಲ್ಲಿ ಮೊದಲು ವರದಿಯಾದದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಿಂದ. ಮುಂದಿನ ಕೆಲವೇ ವರ್ಷಗಳಲ್ಲಿ ತಮಿಳುನಾಡು, ಕರ್ನಾಟಕಗಳ ತೋಟಗಳನ್ನು ಅದು ಹೊಕ್ಕಿತು. ಬೇರೆ ಬೇರೆ ದೇಶಗಳ ನುಸಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಅಮೆರಿಕ ಖಂಡದ ನುಸಿಗಳಲ್ಲಿ ವೈವಿಧ್ಯ ಹೆಚ್ಚು, ಆಫ್ರಿಕ ಮತ್ತು ಏಷ್ಯದವುಗಳಲ್ಲಿ ತೀರ ಕಡಿಮೆ ಎಂದು ಗೊತ್ತಾಯಿತು. ಎಂದರೆ ಅದರ ತವರು ಅಮೆರಿಕ. ಅಲ್ಲಿಂದ ಹೊರಟ ಕೆಲವೇ ನುಸಿಗಳ ಸಂತತಿ ನಮ್ಮಲ್ಲಿರುವುದು. ಆದರೆ ತೆಂಗಿನ ತವರು ಅಮೆರಿಕವಲ್ಲ. ಆ ಖಂಡದ ಅಟ್ಲಾಂಟಿಕ್ ಕರಾವಳಿಗೆ ತೆಂಗನ್ನು ಒಯ್ದದ್ದು ಹಡಗಿನಲ್ಲಿ ಬಂದ ಯುರೋಪಿನವರು. ಅಲ್ಲಿಯ ಯಾವುದೋ ಕಾಡುತಾಳೆಯ ಮೇಲೆ ಬದುಕುತ್ತಿದ್ದ ನುಸಿ ಹೊಸದಾಗಿ ಬಂದ ತೆಂಗಿಗೆ ದಾಟಿರಬೇಕು ಎಂಬುದು ಸಂಶೋಧಕರ ತರ್ಕ. ನಮ್ಮಲ್ಲಿಗೆ ಬಂದ ಮೇಲೆ ಅದು ತಾಟಿನಿಂಗಿನ ತಾಳೆಯ ಮೇಲೂ ಕಾಣಿಸಿಕೊಂಡಿದೆ. ನುಸಿಗೂ ತೆಂಗಿಗೂ ಪರಿಚಯ ಹೊಸದು. ತೆಂಗು ಈ ಹೊಸ ಒಕ್ಕಲನ್ನು ಎದುರಿಸಲು ಇನ್ನೂ ಕಲಿತಿಲ್ಲ ಎಂದು ನನಗೆ ತೋರುತ್ತದೆ.

ಒಂದಿಷ್ಟು ಸಮಾಧಾನದ ಸಂಗತಿಯೂ ಇದೆ. ನುಸಿ ತಿಂದು ತಿಂದು ಕಾಯಿ ವಿಕಾರವಾದಾಗ ದಳದ ಸಂದು ತಾನಾಗಿ ಅಗಲವಾಗುತ್ತದೆ. ಆಗ ‘ನಿಯೋಸಿಯುಲಸ್ ಬರಾಕಿ’ ಎಂಬ ಚಪ್ಪಟೆ ಮೈಯ ಪರಭಕ್ಷಕ ನುಸಿ ಒಳನುಗ್ಗಿ ತೆಂಗಿನ ನುಸಿಯನ್ನು ಮೇಯುತ್ತದೆ. ಶ್ರೀಲಂಕಾದಲ್ಲಿ ಇದನ್ನು ಸಾಕಿ ತೋಟಕ್ಕೆ ಬಿಡುವ ಕೆಲಸ ನಡೆದಿದೆ. ನುಸಿಗೆ ರೋಗ ಹಚ್ಚುವ ‘ಹಿರ್ಸುಟೆಲ್ಲಾ’ ಎಂಬ ಶಿಲೀಂಧ್ರವೂ ಉಂಟು. ಬೆಂಗಳೂರಿನ ಜೈವಿಕ ನಿಯಂತ್ರಣ ನಿರ್ದೇಶನಾಲಯ ಅದನ್ನು ‘ಮೈಕೋಹಿಟ್’ ಎಂಬ ಪುಡಿಯಾಗಿ ರೂಪಿಸಿತ್ತು. ಶಿಲೀಂಧ್ರಕ್ಕೆ ತೇವ ಬೇಕು, ನುಸಿ ಹೆಚ್ಚುವುದು ಒಣ ಬೇಸಿಗೆಯಲ್ಲಿ. ಇವೆರಡರ ಕಾಲ ಹೊಂದುವುದಿಲ್ಲ. ತೊಟ್ಟು ಬಿಗಿಯಾಗಿ ಕೂತ, ಗುಂಡನೆಯ ಕಾಯಿಯ ಮರಗಳಿಗೆ ನುಸಿಯ ಕಾಟ ಕಡಿಮೆ. ಒಂದೇ ತೋಟದಲ್ಲಿ ಒಂದು ಮರ ಹಾಳಾಗಿ ಪಕ್ಕದ ಮರ ಚೆನ್ನಾಗಿರುವುದನ್ನು ನೋಡಿದವರು ಆ ಚೆನ್ನಾಗಿರುವ ಮರವನ್ನು ಗುರುತು ಹಾಕಿ ಬೀಜದ ಕಾಯಿಗೆ ಇಟ್ಟುಕೊಳ್ಳಬೇಕು. ಅದಕ್ಕಿಂತ ಅಗ್ಗದ, ಬಾಳಿಕೆಯ ಉಪಾಯ ಇನ್ನೊಂದಿಲ್ಲ.

ಸಿಂಪಡಣೆ ಮಾಡುವುದೇ ಆದರೆ ಮರಕ್ಕೆಲ್ಲ ಬೇಡ. ಎಳೆಯ ಗೊನೆಗಳ ತೊಟ್ಟಿನ ಸುತ್ತ ಮಾತ್ರ, ವರ್ಷಕ್ಕೆ ಮೂರು ಸಲ. ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಹೇಳುವ ಬೇವಿನೆಣ್ಣೆ–ಬೆಳ್ಳುಳ್ಳಿ–ಸಾಬೂನಿನ ಮಿಶ್ರಣ ಇದಕ್ಕೆ ಸರಿ: ಹತ್ತು ಲೀಟರ್ ನೀರಿಗೆ 200 ಮಿ.ಲೀ. ಬೇವಿನೆಣ್ಣೆ, 200 ಗ್ರಾಂ ಬೆಳ್ಳುಳ್ಳಿ, 50 ಗ್ರಾಂ ಸಾಬೂನು. ಇದರ ಜೊತೆಗೆ ಮರಕ್ಕೆ ಬೇಸಿಗೆಯಲ್ಲಿ ನೀರು, ಪೊಟ್ಯಾಷ್ ಸೇರಿದ ಗೊಬ್ಬರ, ಬುಡಕ್ಕೆ ಮುಚ್ಚಿಗೆ. ಹೊಟ್ಟೆ ತುಂಬಿದ ಮರ ನುಸಿಯ ಪೆಟ್ಟನ್ನು ತಾಳಿಕೊಳ್ಳುತ್ತದೆ.

ಮಲ್ಲಿಗೆಯ ನುಸಿಗೆ ತೆಂಗಿನ ದಾಯಾದಿಯ ಹಾಗೆ ಕಟ್ಟಿದ ಮನೆ ಸಿಗಲಿಲ್ಲ, ಅದು ಗಿಡದ ಕೈಯಲ್ಲೇ ಮನೆ ಕಟ್ಟಿಸಿಕೊಳ್ಳುತ್ತದೆ. ಅದರ ಜೊಲ್ಲು ತಗುಲಿದ ಕಡೆ ಎಲೆಯ ಹೊರಪದರದ ಕೋಶಗಳು ಉದ್ದುದ್ದ ರೋಮಗಳಾಗಿ ಬೆಳೆಯುತ್ತವೆ. ಎಲೆ, ಎಳೆಕಾಂಡ, ಮೊಗ್ಗು ಎಲ್ಲದರ ಮೇಲೂ ಬಿಳಿ ತುಪ್ಪಳ ಹಬ್ಬುತ್ತದೆ. ಆ ತುಪ್ಪಳದ ನಡುವೆ ನುಸಿ ಬಿಸಿಲು, ಮಳೆ, ಶತ್ರು ಮೂರರಿಂದಲೂ ಮರೆಯಾಗಿ ಬದುಕುತ್ತದೆ. ತಮಿಳುನಾಡಿನ ಮಲ್ಲಿಗೆ ತೋಟಗಳಲ್ಲಿ ಇದರ ಕಾಟ ಚೆನ್ನಾಗಿ ದಾಖಲಾಗಿದೆ. ನೋಡಿದವರು ಬೂಷ್ಟು ಎಂದುಕೊಂಡು ಶಿಲೀಂಧ್ರನಾಶಕ ತರುತ್ತಾರೆ. ಒಂದು ಎಲೆ ಕಿತ್ತು ಬೆರಳಲ್ಲಿ ಉಜ್ಜಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಬೂಷ್ಟಾದರೆ ಒರೆಸಿಹೋಗುತ್ತದೆ, ತುಪ್ಪಳ ಹೋಗುವುದಿಲ್ಲ, ಅದು ಎಲೆಯದೇ ಮೈ. ಬಿಹಾರದ ಲಿಚಿ ತೋಟಗಳಲ್ಲಿ ಇದೇ ಕುಲದ ಮತ್ತೊಂದು ನುಸಿ ಎಲೆಯಡಿ ಕಂದು ಮಖಮಲ್ಲು ಎಬ್ಬಿಸುತ್ತದೆ. ಎರಡಕ್ಕೂ ಉಪಾಯ ಒಂದೇ ತೆರನದು. ತುಪ್ಪಳ ಬಂದ ರೆಂಬೆಗಳನ್ನು ಸವರಿ ಸುಟ್ಟು, ಹೊಸ ಚಿಗುರು ಬರುವಾಗ ನೀರಿನಲ್ಲಿ ಕರಗುವ ಗಂಧಕ ಸಿಂಪಡಿಸುವುದು. ತುಪ್ಪಳ ದಟ್ಟವಾದ ಮೇಲೆ ಏನು ಸುರಿದರೂ ಅದು ನುಸಿಗೆ ತಲುಪುವುದಿಲ್ಲ.

ತೊಗರಿಯ ಕಥೆ ಇವೆರಡಕ್ಕಿಂತ ವಿಚಿತ್ರ, ಮತ್ತು ನಮಗೆ ಹೆಚ್ಚು ಹತ್ತಿರದ್ದು.

ಅಕ್ಟೋಬರ್–ನವೆಂಬರಿನಲ್ಲಿ ತೊಗರಿ ಹೊಲವೆಲ್ಲ ಹಳದಿ ಹೂ ಹೊತ್ತು ನಿಂತಾಗ ನಡುನಡುವೆ ಕೆಲವು ಗಿಡಗಳು ಹಸಿರಾಗಿಯೇ ಉಳಿದುಬಿಡುತ್ತವೆ. ಎಲೆ ಸಣ್ಣದು, ತಿಳಿಹಸಿರು ಕಡುಹಸಿರು ಕಲೆಕಲೆ, ರೆಂಬೆ ಒತ್ತೊತ್ತು, ಗಿಡ ಪೊದೆ. ಹೂವೇ ಇಲ್ಲ. ಕೆಲವೊಮ್ಮೆ ಒಂದೇ ಗಿಡದ ಅರ್ಧ ರೆಂಬೆಗಳಲ್ಲಿ ಹೂವಿದ್ದು ಉಳಿದರ್ಧ ಬರಡು. ಇದೇ ಗೊಡ್ಡು ರೋಗ, ಬಂಜೆ ರೋಗವೆಂದೂ ಕರೆಯುತ್ತಾರೆ. ಬಿತ್ತಿದ 45 ದಿನಗಳೊಳಗೆ ತಗುಲಿದರೆ ಆ ಗಿಡದಿಂದ ಕಾಳಿನ ಆಸೆ ಬಿಡಬೇಕು. ಒಣಗಿದ ಗಿಡವಾದರೆ ದೂರದಿಂದಲೇ ಕಾಣುತ್ತದೆ. ಗೊಡ್ಡು ಗಿಡ ಉಳಿದವಕ್ಕಿಂತ ಹಚ್ಚಗಿರುತ್ತದೆ, ಹೂ ಬಿಡುವ ತನಕ ಎಷ್ಟೋ ರೈತರಿಗೆ ಮೋಸವಾದದ್ದೇ ತಿಳಿಯುವುದಿಲ್ಲ.

ಈ ರೋಗ ಮೊದಲು ವರದಿಯಾದದ್ದು 1931ರಲ್ಲಿ, ಬಿಹಾರದ ಪೂಸಾದಿಂದ. ಅದನ್ನು ಹರಡುವುದು ನುಸಿ ಎಂದು ಗೊತ್ತಾದದ್ದು 1960ರ ದಶಕದಲ್ಲಿ. ಆ ನುಸಿಯನ್ನು 1966ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿ ‘ಅಸೇರಿಯಾ ಕಜಾನಿ’ ಎಂದು ಹೆಸರಿಟ್ಟವರು ಬೆಂಗಳೂರಿನಲ್ಲಿ ನುಸಿವಿಜ್ಞಾನಕ್ಕೆ ಬುನಾದಿ ಹಾಕಿದ ಜಿ.ಪಿ. ಚನ್ನಬಸವಣ್ಣ. ಇಂದು ಕೃಷಿ ನುಸಿಗಳ ಕುರಿತ ಅಖಿಲ ಭಾರತ ಸಂಶೋಧನಾ ಜಾಲಕ್ಕೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಕೇಂದ್ರವಾಗಿರುವುದು, 1986ರಲ್ಲಿ ಜಗತ್ತಿನ ನುಸಿವಿಜ್ಞಾನಿಗಳ ಸಮ್ಮೇಳನ ಬೆಂಗಳೂರಿಗೆ ಬಂದದ್ದು, ಎರಡರ ಹಿಂದೆಯೂ ಅವರ ದುಡಿಮೆಯಿದೆ. ಕನ್ನಡನಾಡು ಹೆಮ್ಮೆಪಡಬೇಕಾದ ಈ ವಿಜ್ಞಾನಿಯ ಹೆಸರು ಶಾಲೆಯ ಪಾಠದಲ್ಲೂ ಇರಬೇಕಿತ್ತು. ನುಸಿ ಗೊತ್ತಾದರೂ ಅದು ಹೊತ್ತು ತರುವ ರೋಗಾಣು ಮಾತ್ರ ಕೈಗೆ ಸಿಗದೆ ಸತಾಯಿಸಿತು. ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಸಂಶೋಧಕರು ಅದು ವೈರಸ್ ಎಂದು ತೋರಿಸಿಕೊಟ್ಟದ್ದು 2000ದಲ್ಲಿ, ಮೊದಲ ವರದಿಯಾಗಿ ಸುಮಾರು 70 ವರ್ಷಗಳ ನಂತರ.

ನುಸಿಯಾಗಿ ನೋಡಿದರೆ ಅಸೇರಿಯಾ ಕಜಾನಿಯದು ಬಹಳ ಸಾಧು ಬದುಕು. ಎಲೆಯ ತಳಭಾಗದಲ್ಲಿ ನರಗಳ ಪಕ್ಕ ಇರುತ್ತದೆ. ಎರಡು ವಾರದೊಳಗೆ ಒಂದು ತಲೆಮಾರು. ಚುಚ್ಚುವ ಸೂಜಿ ಎಲೆಯ ಹೊರಪದರವನ್ನು ದಾಟುವಷ್ಟೂ ಉದ್ದವಿಲ್ಲ. ವೈರಸ್ ಇಲ್ಲದ ನುಸಿ ಎಷ್ಟು ಮೇದರೂ ತೊಗರಿಗೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ತೊಗರಿ ಮತ್ತು ಅದರ ಕಾಡು ನೆಂಟರನ್ನು ಬಿಟ್ಟರೆ ಅದಕ್ಕೆ ಬೇರೆ ನೆಲೆಯಿಲ್ಲ. ತೊಗರಿ ನಮ್ಮ ನೆಲದಲ್ಲೇ ಬೆಳೆಯಾಗಿ ಪಳಗಿದ ಗಿಡ, ನುಸಿಯೂ ಇಲ್ಲಿಯದೇ. ತೆಂಗಿನಲ್ಲಿ ಕಾಣುವ ಅತಿಕ್ರಮಣ ಇಲ್ಲಿ ಕಾಣದಿರುವುದಕ್ಕೆ ಈ ಹಳೆಯ ಒಡನಾಟವೂ ಕಾರಣವಿರಬಹುದು. ಅನಾಹುತ ಮಾಡುವುದು ಅದರ ಮೈಯೊಳಗೆ ಸೇರುವ ವೈರಸ್. ರೋಗದ ಗಿಡದಲ್ಲಿ 15 ನಿಮಿಷ ಮೇದರೆ ವೈರಸ್ ನುಸಿಗೆ ಹತ್ತುತ್ತದೆ. ಆರೋಗ್ಯದ ಗಿಡದ ಮೇಲೆ ಒಂದೂವರೆ ಗಂಟೆ ಇದ್ದರೆ ಗಿಡಕ್ಕೆ ದಾಟುತ್ತದೆ. ಒಂದೇ ನುಸಿ ಸಾಕು. ಗಾಳಿ ಬೀಸುವ ದಿಕ್ಕಿನಲ್ಲಿ ರೋಗ ಎರಡು ಕಿಲೋಮೀಟರ್ ದೂರದವರೆಗೂ ಹೋಗಬಲ್ಲದು.

ಇಲ್ಲಿ ಎರಡು ಸಂಗತಿಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ವೈರಸ್ ತೊಗರಿ ಬೀಜದಲ್ಲಿ ಬರುವುದಿಲ್ಲ. ನುಸಿಯ ಮೊಟ್ಟೆಯಲ್ಲೂ ಬರುವುದಿಲ್ಲ; ರೋಗವುಂಡ ತಾಯಿಗೆ ಹುಟ್ಟಿದ ಮರಿಯೂ ಶುದ್ಧವಾಗಿಯೇ ಹುಟ್ಟುತ್ತದೆ. ಹಾಗಾದರೆ ಜನವರಿಯಲ್ಲಿ ತೊಗರಿ ಕಟಾವಾಗಿ ಜೂನ್‌ನಲ್ಲಿ ಮತ್ತೆ ಬಿತ್ತುವವರೆಗೆ ವೈರಸ್ ಎಲ್ಲಿರುತ್ತದೆ? ಬದುಕಿರುವ ತೊಗರಿ ಗಿಡದಲ್ಲಿ. ಕೊಯ್ದ ಬುಡದಿಂದ ಮತ್ತೆ ಚಿಗುರಿದ ಕೂಳೆ, ಬದುವಿನ ಮೇಲೆ, ಹಿತ್ತಲಲ್ಲಿ ಎರಡು ಮೂರು ವರ್ಷ ಬಿಟ್ಟುಕೊಂಡ ಗಿಡ, ನೀರಿನ ಕಾಲುವೆಯ ಬದಿಯಲ್ಲಿ ತಾನಾಗಿ ಹುಟ್ಟಿದ್ದು, ಇವೇ ನುಸಿಯ ಬೇಸಿಗೆ ಬಿಡಾರ, ವೈರಸ್ಸಿನದೂ ಅದೇ. ಮುಂಗಾರಿನ ಗಾಳಿ ಎದ್ದಾಗ ಅಲ್ಲಿಂದ ಹೊಸ ಪೈರಿಗೆ ಸಾಗಣೆ ಆರಂಭ. ತೆಂಗಿನ ನುಸಿಯ ಸರಪಣಿಯನ್ನು ಕಡಿಯಲಾಗದು, ಮರ ತಿಂಗಳಿಗೊಂದು ಗೊನೆ ಬಿಡುತ್ತಲೇ ಇರುತ್ತದೆ. ತೊಗರಿಯದು ವರ್ಷಕ್ಕೊಮ್ಮೆ ತೆಳ್ಳಗಾಗುತ್ತದೆ, ಆಗ ಕಡಿಯಬಹುದು.

ತಳಿಯ ಆಯ್ಕೆಯಲ್ಲೂ ಎಚ್ಚರ ಬೇಕು. ಸೊರಗು ರೋಗವನ್ನು ತಡೆಯುತ್ತದೆಂದು ಕಲಬುರಗಿ ಸೀಮೆಯ ರೈತರು ಮೆಚ್ಚಿದ ‘ಮಾರುತಿ’ ತಳಿ ಗೊಡ್ಡು ರೋಗಕ್ಕೆ ಸುಲಭದ ತುತ್ತು. ‘ಆಶಾ’ ಸೊರಗಿನ ಜೊತೆ ಗೊಡ್ಡು ರೋಗವನ್ನೂ ತಡೆಯಲೆಂದು ಬಂದದ್ದು. ಆದರೆ ವೈರಸ್ ಎಲ್ಲ ಕಡೆ ಒಂದೇ ಬಗೆಯದಲ್ಲ. ಬೆಂಗಳೂರು ಭಾಗದ್ದು ಪಟಾಂಚೆರುವಿನದಕ್ಕಿಂತ ಉಗ್ರ. ಅಲ್ಲಿ ಗೆದ್ದ ತಳಿ ಇಲ್ಲಿ ಸೋಲುವುದುಂಟು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ರಾಗಿಯ ಅಕ್ಕಡಿ ಸಾಲಿಗೆ ತೊಗರಿ ಹಾಕುವವರು ಕಲಬುರಗಿಯ ಬೀಜವನ್ನು ಕಣ್ಣುಮುಚ್ಚಿ ತರಬಾರದು. ಜಿಕೆವಿಕೆ ಬಿಡುಗಡೆ ಮಾಡಿದ ಬಿಆರ್‌ಜಿ–5ರಂಥ, ಈ ಭಾಗದಲ್ಲೇ ಪರೀಕ್ಷೆಗೆ ನಿಂತ ತಳಿಗಳನ್ನು ಕೇಳಿ ಪಡೆಯಬೇಕು.

ಕಂಡಕಂಡದ್ದಕ್ಕೆಲ್ಲ ಕೀಟನಾಶಕ ಹೊಡೆಯುವ ಅಭ್ಯಾಸ ಈ ಯಾವ ನುಸಿಯನ್ನೂ ನಿಲ್ಲಿಸದು. ಅದು ಮೊದಲು ಕೊಲ್ಲುವುದು ನುಸಿಯನ್ನು ತಿಂದು ಬದುಕುವ ಪರಭಕ್ಷಕಗಳನ್ನು. ತರಕಾರಿ ಹೊಲಗಳಲ್ಲಿ ಕೆಂಪು ಜೇಡನುಸಿ ಔಷಧ ಹೊಡೆದ ಮೇಲೆಯೇ ಉಲ್ಬಣಿಸುವುದನ್ನು ಎಷ್ಟೋ ಬೆಳೆಗಾರರು ಕಣ್ಣಾರೆ ಕಂಡಿದ್ದಾರೆ.

ಮುಂದಿನ ಬಿತ್ತನೆಗೆ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ, ನಿಮ್ಮ ಬದುವಿನ ಮೇಲೆ, ಹಿತ್ತಲಲ್ಲಿ ಉಳಿದ ಹಳೆಯ ತೊಗರಿ ಗಿಡಗಳನ್ನು ಬುಡಸಮೇತ ಕಿತ್ತು ಸುಟ್ಟುಬಿಡಿ. ಬಿತ್ತಿದ ಮೇಲೆ ಮೊದಲ ಒಂದೂವರೆ ತಿಂಗಳು ವಾರಕ್ಕೊಮ್ಮೆ ಸಾಲಿನ ನಡುವೆ ನಡೆದು, ಎಲೆ ಕಲೆಕಲೆಯಾದ ಸಸಿ ಕಂಡ ಕೂಡಲೇ ಕಿತ್ತು ಹೊರಗೆ ಹಾಕಿ. ಗಾಳಿಗೆ ಬದುವಿನ ಲೆಕ್ಕವಿಲ್ಲ, ಆದ್ದರಿಂದ ಪಕ್ಕದ ಹೊಲದವರಿಗೂ ಹೇಳಿ, ಊರವರೆಲ್ಲ ಒಂದೇ ವಾರದಲ್ಲಿ ಈ ಕೆಲಸ ಮಾಡಿ.